ಮುಂಬೈ-ಪುಣೆ ಕನ್ನಡಿಗರ ಮಕ್ಳಿಗೆ ಬಿಡಿಎಸ್ ಸೀಟು: ಹತ್ತನೇ ಕ್ಲಾಸಿಂದ ಅಡ್ಮಿಷನ್ ದಿನದ ತನಕ

ನಾನು ಹುಟ್ಟಿ ಬೆಳ್ದದ್ದೆಲ್ಲ ಘಾಟ್ಕೋಪರ್‌ನಲ್ಲಿ, ಅಪ್ಪನಿಗೆ ಅಲ್ಲೇ ಒಂದು ಸಣ್ಣ ಹೋಟೆಲ್ ಉಂಟು, ಊರು ಕುಂದಾಪುರದ ಹತ್ರ. ಬಿಡಿಎಸ್, ಅಂದ್ರೆ ಹಲ್ಲಿನ ಡಾಕ್ಟರ್ ಕೋರ್ಸು, ನಾಲ್ಕು ವರ್ಷ ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡ್ತಾ ಇದ್ದೇನೆ. ಪ್ರತೀ ವರ್ಷ ನೀಟ್ (ಮೆಡಿಕಲ್ ಡೆಂಟಲ್ ಎಂಟ್ರೆನ್ಸ್ ಪರೀಕ್ಷೆ) ರಿಸಲ್ಟ್ ಬಂದ ವಾರ ನಮ್ಮ ಮನೆ ಫೋನಿಗೆ ಪುರ್ಸೊತ್ತೇ ಇಲ್ಲ. ಸಂಘದ ಅಂಕಲ್‌ಗಳು, ಅಪ್ಪನ ಹೋಟೆಲ್ ಫ್ರೆಂಡ್ಸು, ಅಮ್ಮನ ಭಜನೆ ಗ್ರೂಪಿನವ್ರು, ಎಲ್ರದ್ದೂ ಒಂದೇ ಪ್ರಶ್ನೆ, "ನಮ್ಮ ಹುಡುಗಿಗೆ ಇಷ್ಟು ಮಾರ್ಕ್ ಬಂದಿದೆ ಮಾರಾಯ್ತಿ, ಡೆಂಟಲ್ ಸಿಗ್ಬಹುದಾ?" ನಾನು ವಾಪಸ್ ಕೇಳೋದು ಮಾರ್ಕ್ ಬಗ್ಗೆ ಅಲ್ಲ, ಹನ್ನೊಂದು ಹನ್ನೆರಡು ಎಲ್ಲಿ ಓದಿದ್ದು ಅಂತ. ನಮ್ಮಂಥ ಹೊರನಾಡಿನವ್ರ ಮಕ್ಳಿಗೆ ಸೀಟು ತಪ್ಪೋದು ಮಾರ್ಕಿಂದ ಎಷ್ಟೋ ಅಷ್ಟೇ ಈ ಒಂದು ವಿಷಯದಿಂದ, ಮತ್ತೆ ಅದು ಗೊತ್ತಾಗೋ ಹೊತ್ತಿಗೆ ಎರಡು ವರ್ಷ ಕಳ್ದಿರ್ತದೆ. ಅದಕ್ಕೇ ಇದನ್ನ ಹತ್ತನೇ ಕ್ಲಾಸಿಂದ ಶುರು ಮಾಡಿ ಬರೀತಿದ್ದೇನೆ.

ಮೊದ್ಲು: ನಿಜವಾಗ್ಲೂ ಹಲ್ಲಿನ ಕೆಲ್ಸ ಬೇಕಾ?

ಎಂಬಿಬಿಎಸ್ ಸಿಗ್ಲಿಲ್ಲ ಅಂದ್ರೆ ಬಿಡಿಎಸ್ ಅಂತ ಬರುವವ್ರೇ ಜಾಸ್ತಿ, ಅದ್ರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಬಂದವಳು. ಆದ್ರೆ ಒಂದು ಕೆಲ್ಸ ಮಾಡಿ. ನಿಮ್ಮ ಏರಿಯಾದಲ್ಲಿ ಗುರ್ತದ ಡೆಂಟಿಸ್ಟ್ ಒಬ್ರಾದ್ರೂ ಇರ್ತಾರೆ, ಡೊಂಬಿವಿಲಿ ಮುಲುಂಡ್ ಕಡೆ ಆದ್ರೆ ಕನ್ನಡದವ್ರೇ ಸಿಗ್ತಾರೆ, ಅವ್ರ ಕ್ಲಿನಿಕ್‌ನಲ್ಲಿ ನಾಲ್ಕು ಸಂಜೆ ಸುಮ್ನೆ ಮೂಲೇಲಿ ಕೂತು ನೋಡ್ಲಿಕ್ಕೆ ಮಗುವನ್ನ ಕಳ್ಸಿ. ಒಂದು ರೂಟ್ ಕೆನಾಲ್‌ಗೆ ಎಷ್ಟು ಹೊತ್ತು ಬಗ್ಗಿ ನಿಲ್ತಾರೆ, ಬಾಯಿ ತೆರೀಲಿಕ್ಕೆ ಒಪ್ಪದ ಸಣ್ಣ ಮಕ್ಳನ್ನ ಹೇಗೆ ಸುಧಾರಿಸ್ತಾರೆ, ಬಿಲ್ ಹೇಳಿದಾಗ ಪೇಶೆಂಟ್ ಮುಖ ಹೇಗಾಗ್ತದೆ, ಎಲ್ಲ ಕಾಣ್ತದೆ. ಇದು ಅರ್ಧ ವೈದ್ಯಕೀಯ, ಅರ್ಧ ಬಡಗಿ ಕೆಲ್ಸ. ಕೈ ನಡುಗುವವ್ರಿಗೆ ಆಗೋದಿಲ್ಲ ಅಂತ ಅಲ್ಲ, ಕೈಗೆ ಅಭ್ಯಾಸ ಬರ್ತದೆ, ಆದ್ರೆ ಸೂಕ್ಷ್ಮ ಕೆಲ್ಸ ಕಂಡ್ರೆ ಬೋರ್ ಆಗುವವ್ರಿಗೆ ಕಷ್ಟ.

ಇನ್ನೊಂದು ಗೊಂದಲ ಈಗ್ಲೇ ಮುಗಿಸ್ತೇನೆ. ಅಮೆರಿಕದಲ್ಲಿರೋ ಚಿಕ್ಕಪ್ಪ ಹೇಳಿದ್ರು, ಮೊದ್ಲು ಡಿಗ್ರಿ ಮಾಡ್ಬೇಕಂತೆ, ಡ್ಯಾಟ್ ಅಂತ ಪರೀಕ್ಷೆ ಉಂಟಂತೆ, ಅಂತ ಕೆಲವ್ರು ಹೇಳ್ತಾರೆ. ಅದು ಅಲ್ಲಿನ ಕಥೆ. ಅಲ್ಲಿ ಸಾಮಾನ್ಯವಾಗಿ ಕಾಲೇಜು ಡಿಗ್ರಿ ಮುಗಿಸಿ ಡ್ಯಾಟ್ ಬರ್ದು ಆಮೇಲೆ ನಾಲ್ಕು ವರ್ಷ ಡೆಂಟಲ್ ಸ್ಕೂಲ್. ಇಲ್ಲಿ ಹನ್ನೆರಡು ಆದ ಕೂಡ್ಲೆ ನೀಟ್, ಅದ್ರಿಂದ ಬಿಡಿಎಸ್, 4 ವರ್ಷ ಓದು ಮತ್ತೆ 1 ವರ್ಷ ಇಂಟರ್ನ್‌ಶಿಪ್. ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿಗೂ ಗೋವಾದ ಜಿಸಿಇಟಿಗೂ ಕರ್ನಾಟಕದ ಸಿಇಟಿ ಮಾರ್ಕಿಗೂ ಡೆಂಟಲ್ ಸೀಟಿಗೂ ಸಂಬಂಧ ಇಲ್ಲ.

ಹತ್ತು ಮುಗಿದ ಮೇಲೆ: ಇಲ್ಲೇ ಅರ್ಧ ಜನ ಎಡವೋದು

ನಮ್ಮವ್ರಲ್ಲಿ ಒಂದು ರೂಢಿ ಉಂಟು, ಹತ್ತು ಆದ ಕೂಡ್ಲೆ ಮಗುವನ್ನ ಮಂಗಳೂರು ಮೂಡುಬಿದಿರೆ ಕಡೆ ಹಾಸ್ಟೆಲ್‌ಗೆ ಹಾಕೋದು, ಅಲ್ಲಿ ಓದ್ಸುದು ಚೆನ್ನಾಗಿದೆ, ಅಜ್ಜಿ ಮನೆ ಹತ್ರ, ಮುಂಬೈ ಲೋಕಲ್‌ನ ತಲೆಬಿಸಿ ಇಲ್ಲ. ನನ್ನ ದೊಡ್ಡಪ್ಪನ ಮಗಳನ್ನೂ ಹಾಗೇ ಹಾಕಿದ್ರು. ಮಾರ್ಕ್ ನನಗಿಂತ ಚೆನ್ನಾಗೇ ಬಂತು. ಆದ್ರೆ ಮಹಾರಾಷ್ಟ್ರದ 85% ಸ್ಟೇಟ್ ಕೋಟಾಕ್ಕೆ, ಅಂದ್ರೆ ಸರ್ಕಾರಿ ಕಾಲೇಜಲ್ಲಿ ರಾಜ್ಯದವ್ರಿಗೇ ಇಟ್ಟ ಸೀಟಿಗೆ, ಹತ್ತನೇ ಕ್ಲಾಸೂ ಹನ್ನೆರಡನೇ ಕ್ಲಾಸೂ ಎರಡೂ ಮಹಾರಾಷ್ಟ್ರದೊಳಗಿನ ಶಾಲೆ ಕಾಲೇಜಲ್ಲೇ ಪಾಸ್ ಆಗಿರ್ಬೇಕು, ಜೊತೆಗೆ ಡೊಮಿಸೈಲ್ (ಇಲ್ಲಿನ ನಿವಾಸಿ ಅನ್ನೋ ಸರ್ಟಿಫಿಕೇಟ್) ಬೇಕು. ಸಿಬಿಎಸ್‌ಇ ಐಸಿಎಸ್‌ಇ ಆದ್ರೂ ಪರ್ವಾಗಿಲ್ಲ, ಶಾಲೆ ಮಹಾರಾಷ್ಟ್ರದಲ್ಲಿದ್ರೆ ಆಯ್ತು. ಅವಳದ್ದು ಹನ್ನೆರಡು ಕರ್ನಾಟಕದ್ದು, ಇಲ್ಲಿ ಬಾಗಿಲು ಮುಚ್ಚಿತು. ಸರಿ ಅಲ್ಲಿ ಹೋಗೋಣ ಅಂದ್ರೆ ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಒಂದರಿಂದ ಹನ್ನೆರಡರೊಳಗೆ 7 ವರ್ಷ ಅಲ್ಲಿ ಓದಿರ್ಬೇಕು, ಅವಳು ಓದಿದ್ದು ಎರಡೇ ವರ್ಷ. ಅಲ್ಲಿ ಇನ್ನೊಂದು ದಾರಿ ಉಂಟು, ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ಅಪ್ಪ ಅಮ್ಮ ಇಬ್ರಲ್ಲಿ ಒಬ್ರಾದ್ರೂ 7 ವರ್ಷ ಕರ್ನಾಟಕದಲ್ಲಿ ಓದಿದ್ರೆ ಆಗ್ತದೆ, ಆದ್ರೆ ದೊಡ್ಡಪ್ಪ ದೊಡ್ಡಮ್ಮ ಇಬ್ರೂ ಮುಂಬೈಲೇ ಓದಿದವ್ರು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯ್ತು. ಕೊನೆಗೆ ಡೀಮ್ಡ್ ಯೂನಿವರ್ಸಿಟಿಯ ದುಬಾರಿ ಸೀಟು ತಕೊಂಡ್ಳು, ದೊಡ್ಡಪ್ಪ ಇನ್ನೂ ಲೋನ್ ಕಟ್ತಾ ಇದ್ದಾರೆ.

ಹಾಗಾಗಿ ಊರಿಗೆ ಕಳ್ಸೋ ಮೊದ್ಲು ಕೇಳ್ಕೊಳ್ಳಿ: ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ 7 ವರ್ಷ ಓದಿದ್ದಾರಾ, ಆ ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್ ತಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕ್ಸಲಿಕ್ಕೆ ಆಗ್ತದಾ? ಹೌದಾದ್ರೆ ಕಳ್ಸಿ, ಆಮೇಲೆ ಮಹಾರಾಷ್ಟ್ರ ಕೋಟಾ ಮರ್ತು ಬಿಡಿ. ಇಲ್ಲಾಂದ್ರೆ ವಡಾಲ, ಪವಾಯಿ, ಠಾಣೆ, ಪುಣೆ ಎಲ್ಲೋ ಒಂದು ಜೂನಿಯರ್ ಕಾಲೇಜಿಗೆ ಹಾಕಿ ಇಲ್ಲೇ ಇಟ್ಕೊಳ್ಳಿ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪವಾಯಿಯಲ್ಲಿ ಬಂಟರ ಸಂಘದ ಎಸ್ ಎಂ ಶೆಟ್ಟಿ, ಹೀಗೆ ನಮ್ಮವ್ರೇ ನಡೆಸೋ ಸಂಸ್ಥೆಗಳೂ ಇವೆ, ಹನ್ನೊಂದನೇ ಕ್ಲಾಸಿನ ಆನ್‌ಲೈನ್ ಅಡ್ಮಿಷನ್‌ನಲ್ಲಿ ಮೈನಾರಿಟಿ ಕೋಟಾ ಎಲ್ಲೆಲ್ಲಿ ಉಂಟು ನೋಡ್ಕೊಳ್ಳಿ.

ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ತಾಲೂಕಿನ ಕನ್ನಡದವ್ರು ಗಡಿನಾಡು ಕನ್ನಡಿಗ ಅಂತಲೂ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಇರೋ ಬೇರೆಯವ್ರು ಹೊರನಾಡು ಕನ್ನಡಿಗ ಅಂತಲೂ ಅರ್ಜಿ ಹಾಕ್ಲಿಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮದಲ್ಲಿ ಒಂದು ಕಲಂ ಉಂಟು. ಅದಕ್ಕೆ ಕೆಇಎ ನಡೆಸೋ ಕನ್ನಡ ಭಾಷಾ ಪರೀಕ್ಷೆ ಬರೀಬೇಕು, ಅದು ಸಿಇಟಿ ಜೊತೆಗೇ ಬರೋದು, ಅಂದ್ರೆ ನೀಟ್‌ಗಿಂತ ಮೊದ್ಲೇ. ರಿಸಲ್ಟ್ ಬಂದ ಮೇಲೆ ನೆನಪಾದ್ರೆ ಏನೂ ಪ್ರಯೋಜನ ಇಲ್ಲ. ಆ ವರ್ಷದ ಬ್ರೋಷರ್‌ನಲ್ಲಿ ಡೆಂಟಲ್‌ನ ಯಾವ ಸೀಟಿಗೆ ಅನ್ವಯ ಅಂತ ಓದಿ ಜನವರಿ ಹೊತ್ತಿಗೇ ತಯಾರಾಗಿ. ಮಗುವಿಗೆ ಕನ್ನಡ ಓದ್ಲಿಕ್ಕೆ ಬರೀಲಿಕ್ಕೆ ಬರ್ದೇ ಇದ್ರೆ ಈಗ್ಲೇ ಅಜ್ಜನ ಹತ್ರ ಕೂರ್ಸಿ.

ಗೋವಾದವ್ರಿಗೆ ಲೆಕ್ಕ ಸುಲಭ. ಇಡೀ ರಾಜ್ಯಕ್ಕೆ ಇರೋದೇ ಒಂದು ಡೆಂಟಲ್ ಕಾಲೇಜು, ಬಾಂಬೋಳಿಯದ್ದು, 1980ರಲ್ಲಿ ಶುರುವಾದದ್ದು, ಸರ್ಕಾರಿ, 50 ಸೀಟು. ಅಡ್ಮಿಷನ್ ಅಲ್ಲಿನ ಡಿಟಿಇ (ತಾಂತ್ರಿಕ ಶಿಕ್ಷಣ ಇಲಾಖೆ) ಮೂಲಕ, ಮೆರಿಟ್ ನೀಟ್‌ನದ್ದು. ವಾಸ್ಕೋ ಮಡಗಾಂವ್ ಕಡೆಯ ಕನ್ನಡದವ್ರು ರೆಸಿಡೆನ್ಸ್ ಸರ್ಟಿಫಿಕೇಟ್ ವಿಷಯ ಕೊನೆಗೆ ಇಟ್ಕೊಬೇಡಿ.

ಸಬ್ಜೆಕ್ಟ್: ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಇಂಗ್ಲಿಷ್ ಇರ್ಲೇಬೇಕು. ಇಲ್ಲಿ ಕೆಲವ್ರು ಬಯಾಲಜಿ ಬಿಟ್ಟು ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್ ಅಂತ ಬೈಫೋಕಲ್ ತಕೊಳ್ತಾರೆ, ಬೇಡ. ಹನ್ನೆರಡರಲ್ಲಿ ಪಿಸಿಬಿ ಸೇರಿ ಓಪನ್‌ನವ್ರಿಗೆ 300ಕ್ಕೆ 150, ರಿಸರ್ವೇಶನ್‌ನವ್ರಿಗೆ 120 ಬೇಕು, ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರ್ಬೇಕು.

ಓದು

ಪೇಪರ್ ಹೀಗಿದೆ: 2025ರಿಂದ 180 ಪ್ರಶ್ನೆ, 180 ನಿಮಿಷ, 720 ಮಾರ್ಕ್. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ಸರಿಗೆ 4, ತಪ್ಪಿಗೆ ಮೈನಸ್ 1. ಟೈ ಆದ್ರೆ ಮೊದ್ಲು ನೋಡೋದು ಬಯಾಲಜಿ ಮಾರ್ಕ್.

ಸ್ಟೇಟ್ ಬೋರ್ಡಿನ ಮಕ್ಳಿಗೆ ದೊಡ್ಡ ತೊಂದ್ರೆ ಪುಸ್ತಕದ್ದು, ಕಾಲೇಜಲ್ಲಿ ರಾಜ್ಯದ ಬಾಲಭಾರತಿ ಪುಸ್ತಕ, ನೀಟ್ ಬರೋದು ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಿಂದ. ನಾನು ಹನ್ನೊಂದು ಪೂರ್ತಿ ಬಾಲಭಾರತಿ ಮಾತ್ರ ಓದಿ ಖುಷಿಯಲ್ಲಿದ್ದೆ, ಮೊದಲ್ನೇ ಮಾಕ್ ಟೆಸ್ಟಲ್ಲಿ ಬಯಾಲಜಿ 360ಕ್ಕೆ 140 ಬಂದಾಗ ಗೊತ್ತಾಯ್ತು. ಎನ್‌ಸಿಇಆರ್‌ಟಿ ಬಯಾಲಜಿ ಎರಡೂ ಪುಸ್ತಕ, ಚಿತ್ರದ ಕೆಳಗಿನ ಸಾಲು ಸಮೇತ, ಮೂರು ಸಲ ಆದ್ರೂ ಮುಗೀಬೇಕು. ಹ್ಯೂಮನ್ ಫಿಸಿಯಾಲಜಿ, ಜೆನೆಟಿಕ್ಸ್, ಇಕಾಲಜಿ ಗಟ್ಟಿ ಮಾಡಿದ್ರೆ ಧೈರ್ಯ ಬರ್ತದೆ. ಸಿಲಬಸ್ ಪಿಡಿಎಫ್ ಪ್ರಿಂಟ್ ತೆಗ್ದು ಗೋಡೆಗೆ ಅಂಟಿಸಿ, ತೆಗ್ದು ಹಾಕಿದ ಪಾಠ ಓದಿ ಟೈಮ್ ವೇಸ್ಟ್ ಮಾಡ್ಬೇಡಿ.

ಕೆಮಿಸ್ಟ್ರಿಯಲ್ಲಿ ಇನಾರ್ಗ್ಯಾನಿಕ್ ಎನ್‌ಸಿಇಆರ್‌ಟಿಯಿಂದ್ಲೇ, ಫಿಸಿಕಲ್ ಮಾತ್ರ ಲೆಕ್ಕ ಮಾಡಿ ಮಾಡಿ ಕಲೀಬೇಕು. ಫಿಸಿಕ್ಸ್ ನನಗೆ ಕೊನೆ ತನಕ ಕಬ್ಬಿಣದ ಕಡಲೆ, ನಾನು ಮಾಡಿದ್ದು ಇಷ್ಟೇ, ಎಲ್ಲ ಪಾಠ ಹಿಡೀಲಿಕ್ಕೆ ಹೋಗದೆ ಕರೆಂಟ್ ಎಲೆಕ್ಟ್ರಿಸಿಟಿ, ಮಾಡರ್ನ್ ಫಿಸಿಕ್ಸ್, ಸೆಮಿಕಂಡಕ್ಟರ್, ಆಪ್ಟಿಕ್ಸ್ ಇಂಥದ್ದು ಖಂಡಿತ ಮಾರ್ಕ್ ಕೊಡೋದನ್ನ ಮುಗಿಸಿ ಬಾಕಿಯದ್ದಕ್ಕೆ ಫಾರ್ಮುಲಾ ಮಟ್ಟಿಗೆ ನಿಲ್ಸಿದೆ.

ಎಚ್‌ಎಸ್‌ಸಿ (ಇಲ್ಲಿನ ಹನ್ನೆರಡನೇ ಬೋರ್ಡ್ ಪರೀಕ್ಷೆ) ಫೆಬ್ರವರಿ-ಮಾರ್ಚ್, ನೀಟ್ ಸಾಧಾರಣ ಮೇ ತಿಂಗಳ ಮೊದಲ ಭಾನುವಾರ. ನಡುವೆ ಸಿಗೋ ಆರೇಳು ವಾರದಲ್ಲಿ ಹೊಸ ಪಾಠ ಶುರು ಮಾಡ್ಬೇಡಿ. ಪ್ರತೀ ಭಾನುವಾರ ಮಧ್ಯಾಹ್ನ 2ರಿಂದ 5, ಅಂದ್ರೆ ಪರೀಕ್ಷೆಯ ಹೊತ್ತಲ್ಲೇ, ಓಎಂಆರ್ ಶೀಟ್ ಇಟ್ಕೊಂಡು ಪೂರ್ತಿ ಪೇಪರ್. ಊಟ ಮಾಡಿ ನಿದ್ದೆ ಬರೋ ಹೊತ್ತು ಅದು, ಅಭ್ಯಾಸ ಆಗ್ಬೇಕು.

ಫಾರಂ

ಫಾರಂ ತುಂಬೋದು ನೀಟ್ ನಡೆಸೋ ಎನ್‌ಟಿಎ ವೆಬ್‌ಸೈಟಲ್ಲಿ. 2025ರಲ್ಲಿ ಫೀಸ್ ಜನರಲ್‌ಗೆ 1700, ಒಬಿಸಿ ಮತ್ತು ಇಡಬ್ಲ್ಯುಎಸ್‌ಗೆ 1600, ಎಸ್‌ಸಿ ಎಸ್‌ಟಿ ಮತ್ತು ಅಂಗವಿಕಲರಿಗೆ 1000 ಇತ್ತು. ಪಾಸ್‌ಪೋರ್ಟ್ ಸೈಜ್ ಜೊತೆ ಪೋಸ್ಟ್‌ಕಾರ್ಡ್ ಸೈಜ್ ಫೋಟೋನೂ ತೆಗೆಸಿ, ಬಿಳಿ ಬ್ಯಾಕ್‌ಗ್ರೌಂಡು, ಹತ್ತು ಹದಿನೈದು ಕಾಪಿ ಇಟ್ಕೊಳ್ಳಿ, ಕೌನ್ಸೆಲಿಂಗ್ (ಸೀಟು ಹಂಚೋದು) ಮುಗಿಯೋ ತನಕ ಅದೇ ಫೋಟೋ ಬೇಕು.

ಭಾಷೆ ಕಾಲಂ ಹತ್ರ ಹುಷಾರು. ನೀಟ್ ಕನ್ನಡದಲ್ಲೂ ಬರೀಬಹುದು, ಆದ್ರೆ ಕನ್ನಡ ಆರಿಸಿದ್ರೆ ಸೆಂಟರ್ ಕರ್ನಾಟಕದಲ್ಲೇ ಸಿಗೋದು. ಅಭಿಮಾನಕ್ಕೆ ಅಂತ ಕನ್ನಡ ಒತ್ತಿ ಮೇ ಬಿಸಿಲಲ್ಲಿ ರಾತ್ರಿ ಬಸ್ಸು ಹಿಡಿಯೋ ಪರಿಸ್ಥಿತಿ ತಂದ್ಕೊಬೇಡಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವ್ರು ಇಂಗ್ಲಿಷೇ ಹಾಕಿ.

ಇನ್ನು ಹೆಸ್ರಿನ ವಿಷಯ, ಇದು ನಮ್ಮವ್ರ ಸ್ಪೆಷಲ್ ತಲೆನೋವು. ಎಚ್‌ಎಸ್‌ಸಿ ಮಾರ್ಕ್‌ಶೀಟಲ್ಲಿ ಸರ್‌ನೇಮ್ ಮೊದ್ಲು, ಆಮೇಲೆ ಮಗುವಿನ ಹೆಸ್ರು, ಆಮೇಲೆ ಅಪ್ಪನ ಹೆಸ್ರು. ಆಧಾರ್‌ನಲ್ಲಿ ಬೇರೆ ಕ್ರಮ. ಅಪ್ಪನ ಊರಿನ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಅಮ್ಮನದ್ದು ಮದುವೆ ಮೊದಲಿನ ಹೆಸ್ರು. ಪ್ರತೀ ಪೇಪರ್ ಪಕ್ಕ ಪಕ್ಕ ಇಟ್ಟು ನೋಡಿ, ಅಕ್ಷರ ಬೇರೆ ಇದ್ರೆ ಹನ್ನೊಂದನೇ ಕ್ಲಾಸಲ್ಲೇ ತಿದ್ದಿಸಿ. ನೀಟ್ ಫಾರಂನಲ್ಲಿ ಹತ್ತನೇ ಮಾರ್ಕ್‌ಶೀಟ್‌ನಲ್ಲಿ ಇದ್ದ ಹಾಗೇ ಹಾಕಿ.

ಪರೀಕ್ಷೆ ದಿನ 1:30ಕ್ಕೆ ಗೇಟ್ ಮುಚ್ತಾರೆ, ಆಮೇಲೆ ಅಳೋದೇ. ಭಾನುವಾರ ಅಂದ್ರೆ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಸೋ) ದಿನ, ಸೆಂಟ್ರಲ್ ಹಾರ್ಬರ್ ಎರಡೂ ಲೈನ್ ಹಿಂದಿನ ದಿನವೇ ಚೆಕ್ ಮಾಡಿ. ಹಾಫ್ ತೋಳಿನ ಸಾದಾ ಬಟ್ಟೆ, ಕಾಲಿಗೆ ಚಪ್ಪಲಿ ಹಾಕಿ. ಶೂ ಬೇಡ. ಪೆನ್ನು ಅವ್ರೇ ಕೊಡ್ತಾರೆ.

ಜಾತಿ, ಡೊಮಿಸೈಲ್, ಪೇಪರ್ ಕೆಲ್ಸ

ಇದಕ್ಕೆ ಆರು ತಿಂಗಳು ಬೇಕು ಅಂತ ಇಟ್ಕೊಳ್ಳಿ. ಡೊಮಿಸೈಲ್ ಸರ್ಟಿಫಿಕೇಟನ್ನ ಸೇತು ಕೇಂದ್ರದಲ್ಲೋ ಆಪ್ಲೆ ಸರ್ಕಾರ್ ಪೋರ್ಟಲಲ್ಲೋ ಮಾಡ್ಸಿ.

ಕರ್ನಾಟಕದ ಜಾತಿ ಸರ್ಟಿಫಿಕೇಟ್ ತಂದು ಇಲ್ಲಿ ಒಬಿಸಿ ಅಂದ್ರೆ ನಡೆಯೋದಿಲ್ಲ. ಮೊದ್ಲು ಆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರ್ಬೇಕು, ಎರಡನೇದಾಗಿ ನಿಮ್ಮ ಕುಟುಂಬ ಒಂದು ತಾರೀಕಿನ ಮೊದ್ಲೇ ಮಹಾರಾಷ್ಟ್ರದಲ್ಲಿತ್ತು ಅನ್ನೋದಕ್ಕೆ ದಾಖಲೆ ಬೇಕು: ಎಸ್‌ಸಿಗೆ 10 ಆಗಸ್ಟ್ 1950, ಎಸ್‌ಟಿಗೆ 6 ಸೆಪ್ಟೆಂಬರ್ 1950, ವಿಜೆಎನ್‌ಟಿಗೆ (ವಿಮುಕ್ತ, ಅಲೆಮಾರಿ ಜಾತಿಗಳಿಗೆ) 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಅಜ್ಜ 1970ರ ಮೇಲೆ ಬೊಂಬಾಯಿಗೆ ಬಂದು ಕ್ಯಾಂಟೀನಲ್ಲಿ ಕಪ್ ತೊಳೆದವ್ರಾದ್ರೆ ಇಲ್ಲಿ ನೀವು ಓಪನ್. ಅಜ್ಜ ಮೊದ್ಲೇ ಬಂದಿದ್ರೆ ಅವ್ರ ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಹುಡ್ಕಿ, ಬಂಗಾರ ಅದು. ಜಾತಿ ಸರ್ಟಿಫಿಕೇಟ್ ಮಾತ್ರ ಸಾಲ್ದು, ಕಾಸ್ಟ್ ವ್ಯಾಲಿಡಿಟಿ (ಆ ಜಾತಿ ನಿಜ ಅಂತ ಕಮಿಟಿ ಪರಿಶೀಲಿಸಿ ಕೊಡೋ ಪತ್ರ) ಬೇಕು, ಒಬಿಸಿಗೆ ನಾನ್ ಕ್ರೀಮಿ ಲೇಯರ್ (ಆದಾಯ ಮಿತಿಯೊಳಗೆ ಉಂಟು ಅನ್ನೋ ಸರ್ಟಿಫಿಕೇಟ್) ಕೂಡ. ಆದ್ರೆ 15% ಆಲ್ ಇಂಡಿಯಾ ಕೋಟಾದಲ್ಲಿ ನೋಡೋದು ಕೇಂದ್ರದ ಒಬಿಸಿ ಪಟ್ಟಿ, ಅಲ್ಲಿ ಮೂಲ ಊರಿನ ಜಾತಿ ಲೆಕ್ಕಕ್ಕೆ ಬರ್ತದೆ. ಹಾಗಾಗಿ ಇಲ್ಲಿ ಓಪನ್, ಅಲ್ಲಿ ಒಬಿಸಿ ಆಗಿರೋ ಮಕ್ಳು ತುಂಬ ಜನ, ಗಾಬರಿ ಬೇಡ.

ಹೆಣ್ಮಕ್ಳ ಅಪ್ಪಂದಿರಿಗೆ: 2024ರಿಂದ ಮಹಾರಾಷ್ಟ್ರ ಸರ್ಕಾರ ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇರೋ ಇಡಬ್ಲ್ಯುಎಸ್, ಎಸ್‌ಇಬಿಸಿ (ಮರಾಠಾ ಮೀಸಲಾತಿ), ಒಬಿಸಿ ಹುಡುಗಿಯರಿಗೆ ಪ್ರೊಫೆಷನಲ್ ಕೋರ್ಸಿನ ಟ್ಯೂಷನ್ ಫೀಸ್ ಪೂರ್ತಿ ಮಾಫಿ ಮಾಡಿದೆ, ಸರ್ಕಾರ ಸೀಟು ಹಂಚೋ ಕ್ಯಾಪ್ ರೌಂಡಿಂದ ಸೀಟು ಸಿಕ್ಕಿರ್ಬೇಕು ಅಷ್ಟೇ. ಡೀಮ್ಡ್‌ಗೆ, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ.

ಅಪ್ಲೈ ಮಾಡೋದು ಒಂದು ಕಡೆ ಅಲ್ಲ

ನೀಟ್ ರಿಸಲ್ಟ್ ಬಂದ ಕೂಡ್ಲೆ ಸೀಟು ತಾನಾಗೇ ಬರ್ತದೆ ಅಂತ ಕೂತವ್ರನ್ನ ನೋಡಿದ್ದೇನೆ. ಎಲ್ಲೆಡೆ ಬೇರೆ ಬೇರೆ ರಿಜಿಸ್ಟರ್ ಮಾಡ್ಬೇಕು.

ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ): ದೇಶದ ಸರ್ಕಾರಿ ಕಾಲೇಜುಗಳ 15% ಸೀಟು ಮತ್ತು ಎಲ್ಲ ಡೀಮ್ಡ್ ಕಾಲೇಜು. ಪುಣೆಯ ಭಾರತಿ ವಿದ್ಯಾಪೀಠ, ಪಿಂಪ್ರಿಯ ಡಿ ವೈ ಪಾಟೀಲ್, ಮತ್ತೆ ನಮ್ಮ ಕಡೆಯ ಮಣಿಪಾಲ, ದೇರಳಕಟ್ಟೆಯ ಎ ಬಿ ಶೆಟ್ಟಿ, ಯೆನೆಪೋಯ, ಬೆಳಗಾವಿಯ ಕೆಎಲ್‌ಇ, ಎಲ್ಲ ಇಲ್ಲೇ. ಆಲ್ ಇಂಡಿಯಾ ಕೋಟಾಕ್ಕೆ ಜನರಲ್‌ನವ್ರಿಗೆ 1000 ಫೀಸು, 10,000 ಡೆಪಾಸಿಟ್. ಡೀಮ್ಡ್‌ಗೆ 5000 ಫೀಸು, 2 ಲಕ್ಷ ಡೆಪಾಸಿಟ್. ಆ 2 ಲಕ್ಷ ವಾಪಸ್ ಬರೋದು ಕಟ್ಟಿದ ಅಕೌಂಟಿಗೇ, ಸೈಬರ್ ಕೆಫೆಯವನ ಕಾರ್ಡಲ್ಲಿ ಕಟ್ಬೇಡಿ ಮಾರ್ರೆ.

ಸ್ಟೇಟ್ ಸಿಇಟಿ ಸೆಲ್ (ಹೆಸ್ರಲ್ಲಿ ಸಿಇಟಿ ಇದ್ರೂ ಡೆಂಟಲ್‌ಗೆ ನೋಡೋದು ನೀಟೇ): ಮಹಾರಾಷ್ಟ್ರದ 85% ಮತ್ತು ಪ್ರೈವೇಟ್ ಕಾಲೇಜುಗಳು. ಮುಂಬೈಲಿ ಸಿಎಸ್‌ಎಂಟಿ ಪಕ್ಕ ಸೇಂಟ್ ಜಾರ್ಜ್ ಆಸ್ಪತ್ರೆ ಕಂಪೌಂಡಿನ ಸರ್ಕಾರಿ ಡೆಂಟಲ್ ಕಾಲೇಜು, ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್, ಇವೆರಡೂ ಎಲ್ರ ಮೊದಲ ಆಸೆ, ನಾಗಪುರ, ಛತ್ರಪತಿ ಸಂಭಾಜಿನಗರದಲ್ಲೂ ಸರ್ಕಾರಿ ಕಾಲೇಜು ಉಂಟು. ಪುಣೆ ನಗರದಲ್ಲಿ ಸರ್ಕಾರಿ ಡೆಂಟಲ್ ಇಲ್ಲ, ಮಿಲಿಟರಿಯ ಮೆಡಿಕಲ್ ಕಾಲೇಜು ಎಎಫ್‌ಎಂಸಿಯಲ್ಲಿ ಬಿಡಿಎಸ್ ಇಲ್ಲ, ಸಿಂಹಗಡ, ರಂಗೂನ್‌ವಾಲಾ ಥರದ ಪ್ರೈವೇಟ್ ಇವೆ. ಪ್ರೈವೇಟ್ ಫೀಸನ್ನ ಫೀ ರೆಗ್ಯುಲೇಟಿಂಗ್ ಅಥಾರಿಟಿ ತೀರ್ಮಾನ ಮಾಡಿ ವೆಬ್‌ಸೈಟಲ್ಲಿ ಹಾಕ್ತದೆ, ಪ್ರಿಂಟ್ ತೆಗ್ದು ಇಟ್ಕೊಳ್ಳಿ, ಕಾಲೇಜಲ್ಲಿ ಬೇರೆ ಅಂಕಿ ಹೇಳಿದ್ರೆ ತೋರ್ಸಲಿಕ್ಕೆ.

ಮಾರ್ಕ್ ನೋಡಿ ಕಳೆದ ವರ್ಷದ ಕಟ್‌ಆಫ್ ಜೊತೆ ಹೋಲಿಸ್ಬೇಡಿ, ರ‍್ಯಾಂಕ್ ಹೋಲಿಸಿ. 2024ರಲ್ಲಿ ಟಾಪ್ 720, ಜನರಲ್ ಕ್ವಾಲಿಫೈ 162. 2025ರಲ್ಲಿ ಪೇಪರ್ ಕಷ್ಟ, ಟಾಪ್ 686, ಕ್ವಾಲಿಫೈ 144. ಮಾರ್ಕ್ ಇಷ್ಟು ಕುಣೀತದೆ. ನಮ್ಮ ಗುರ್ತದವ್ರೊಬ್ರು ಮಗನ ಮಾರ್ಕ್ ಕಮ್ಮಿ ಅಂತ ರಿಜಿಸ್ಟರೇ ಮಾಡ್ಲಿಲ್ಲ, ಆ ವರ್ಷ ಅವನ ರ‍್ಯಾಂಕಿಗೆ ಸೀಟು ಇತ್ತು.

ಪ್ರಿಫರೆನ್ಸ್ ತುಂಬುವಾಗ ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ, ಸಿಗೋದಿಲ್ಲ ಅಂತ ಕೆಳಗೆ ತಳ್ಬೇಡಿ, ಮೇಲೆ ಹಾಕಿದ್ರೆ ನಷ್ಟ ಏನಿಲ್ಲ. ಬೇಡದ ಕಾಲೇಜು ಲಿಸ್ಟಿಗೆ ಹಾಕ್ಲೇಬೇಡಿ. ಮಹಾರಾಷ್ಟ್ರದಲ್ಲಿ ಕಾಲೇಜು ಸೇರಿದ ಮೇಲೆ ಸ್ಟೇಟಸ್ ರಿಟೆನ್ಷನ್ ಫಾರಂ ಅಂತ ಕೊಡ್ತಾರೆ, ಅದಕ್ಕೆ ಸಹಿ ಹಾಕಿದ್ರೆ ನನಗೆ ಇದೇ ಸಾಕು ಅಂತ ಅರ್ಥ, ಮುಂದಿನ ರೌಂಡಲ್ಲಿ ನಿಮ್ಮ ಹೆಸ್ರು ನೋಡೋದಿಲ್ಲ. ಮೇಲಿನ ಆಸೆ ಇದ್ರೆ ಸಹಿ ಬೇಡ. ಎಂಸಿಸಿಯಲ್ಲಿ ಮೊದಲ ರೌಂಡಿನ ಸೀಟು ಬಿಟ್ರೆ ದುಡ್ಡು ಹೋಗೋದಿಲ್ಲ, ಎರಡನೇದ್ರಿಂದ ಡೆಪಾಸಿಟ್ ಹೋಗ್ತದೆ. ಏಜೆಂಟ್ ಫೋನ್ ಮಾಡಿ ಸೀಟು ಮಾಡಿಸ್ಕೊಡ್ತೇನೆ ಅಂದ್ರೆ ಕಟ್ ಮಾಡಿ.

ಕಾಲೇಜು ಆರ್ಸುವಾಗ

ಬಿಲ್ಡಿಂಗ್ ನೋಡ್ಬೇಡಿ, ಒಪಿಡಿ ನೋಡಿ. ವಾರದ ದಿನ ಬೆಳಿಗ್ಗೆ 11ಕ್ಕೆ ಹೋಗಿ ಎಷ್ಟು ಡೆಂಟಲ್ ಚೇರ್‌ನಲ್ಲಿ ಜನ ಕೂತಿದ್ದಾರೆ ಲೆಕ್ಕ ಹಾಕಿ. ಮೂರನೇ ನಾಲ್ಕನೇ ವರ್ಷ ಇಷ್ಟು ಹಲ್ಲು ಕೀಳ್ಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಸೆಟ್ ಹಲ್ಲು ಅಂತ ಕೋಟಾ ಇರ್ತದೆ, ಪೇಶೆಂಟ್ ಇಲ್ದ ಕಾಲೇಜಲ್ಲಿ ಸ್ಟೂಡೆಂಟೇ ಹುಡ್ಕಿ ತರ್ಬೇಕು. ನಾನು ಅಪ್ಪನ ಹೋಟೆಲಿನ ಹುಡುಗ್ರನ್ನೆಲ್ಲ ಸಾಲಾಗಿ ಕರ್ಕೊಂಡು ಹೋದವಳು, ಈಗ ಅವ್ರ ಬಾಯಿ ನಮ್ಮ ಏರಿಯಾದಲ್ಲೇ ಎಲ್ಲಕ್ಕಿಂತ ಕ್ಲೀನ್, ನನ್ನ ಕಂಡ್ರೆ ಮಾತ್ರ ಅಡುಗೆ ಮನೆಗೆ ಓಡ್ತಾರೆ. ಮರಾಠಿ ಚೆನ್ನಾಗಿ ಮಾತಾಡ್ಲಿಕ್ಕೆ ಬರ್ಬೇಕು, "ದುಖತಯ್ ಕಾ?" (ನೋಯ್ತದಾ?) ಅಂತ ಕೇಳಿದ್ರೆ ಅಜ್ಜಿಯಂದಿರು ಅರ್ಧ ಸಮಾಧಾನ ಆಗ್ತಾರೆ.

ಸೇರೋ ದಿನ

ಒರಿಜಿನಲ್ ಎಲ್ಲ ಒಂದು ಫೈಲು, ಜೆರಾಕ್ಸ್ ಮೂರು ಸೆಟ್, ಸ್ಕ್ಯಾನ್ ಫೋನಲ್ಲಿ. ನೀಟ್ ಅಡ್ಮಿಟ್ ಕಾರ್ಡನ್ನ ಪರೀಕ್ಷೆ ಮುಗೀತು ಅಂತ ಬಿಸಾಡಿದ ಹುಡುಗ ನಮ್ಮ ಬ್ಯಾಚಲ್ಲೇ ಇದ್ದ. ಮೆಡಿಕಲ್ ಫಿಟ್‌ನೆಸ್, ಬೇರೆ ಬೋರ್ಡಾದ್ರೆ ಮೈಗ್ರೇಶನ್, ಒಂದು ವರ್ಷ ಬಿಟ್ಟು ಬರೆದವ್ರಿಗೆ ಗ್ಯಾಪ್ ಅಫಿಡವಿಟ್. ಒರಿಜಿನಲ್ ಕಾಲೇಜಲ್ಲಿ ಇಟ್ಕೊಳ್ತಾರೆ, ರಸೀದಿ ಕೇಳಿ ತಕೊಳ್ಳಿ.

ಗೇಟಿನ ಹೊರಗೆ ಇನ್‌ಸ್ಟ್ರುಮೆಂಟ್ ಮಾರುವವ್ರು ಮೊದಲ ದಿನವೇ ನಾಲ್ಕು ವರ್ಷದ ಸಾಮಾನು ತಲೆಗೆ ಕಟ್ಲಿಕ್ಕೆ ನೋಡ್ತಾರೆ. ಮೊದಲ ವರ್ಷಕ್ಕೆ ಮುಖ್ಯವಾಗಿ ಬೇಕಾಗೋದು ಮೇಣದ ಬ್ಲಾಕ್ ಮತ್ತೆ ಹಲ್ಲು ಕೆತ್ತೋ ಕಾರ್ವಿಂಗ್ ಸೆಟ್. ಬಾಕಿಯದ್ದು ಸೀನಿಯರ್ಸ್ ಹತ್ರ ಅರ್ಧ ರೇಟಿಗೆ ಸಿಗ್ತದೆ. ಮೇಣ ಕೆತ್ತೋ ನನ್ನ ಲೆಕ್ರಾನ್ ಕಾರ್ವರ್ ಮೂರು ಕೈ ದಾಟಿ ಬಂದದ್ದು, ಹಿಡಿಕೆ ಮೇಲೆ ಯಾರದ್ದೋ ಇನಿಷಿಯಲ್ ಕೆತ್ತಿತ್ತು, ಈಗ ಅದು ಭಾಂಡುಪ್‌ನ ಒಬ್ಬ ಜೂನಿಯರ್ ಹುಡುಗಿ ಹತ್ರ ಉಂಟು.